ಪುಣೆಯ ಮಗುವನ್ನು ಕಡಲಾಚೆಗೆ ಕರೆದೊಯ್ಯುವ ಮುನ್ನ

ಅಮೆರಿಕದಲ್ಲಿರುವ ನನ್ನ ತಂಗಿಯ ಮಗಳು ಪುಣೆಯಿಂದ ಎರಡೂವರೆ ವರ್ಷದ ಹುಡುಗನನ್ನು ದತ್ತು ತೆಗೆದುಕೊಂಡಳು. ಅಂದಿನಿಂದ ಮುಂಬೈ ಬಳಿಯ ಡೊಂಬಿವಲಿಯ ನಮ್ಮ ಕನ್ನಡದವರಲ್ಲಿ ಯಾರ ಮನೆಯಲ್ಲಿ ಇಂಥ ಮಾತು ಎದ್ದರೂ ನನಗೊಂದು ಫೋನ್ ಬರುತ್ತದೆ. ಕೇಳುವುದೆಲ್ಲ ಕಾಗದಪತ್ರದ ಬಗ್ಗೆ. ಅದು ನಿಧಾನವಾದರೂ ಸಾಗುತ್ತದೆ. ಮಗು ಮಡಿಲಿಗೆ ಬಂದ ಮೇಲಿನ ಮೂರು ವಾರಕ್ಕೆ ಮಾತ್ರ ಯಾರೂ ತಯಾರಾಗಿರುವುದಿಲ್ಲ.

ಮೊದಲು ನೋಂದಣಿ, ಅದೂ ನೀವಿರುವ ದೇಶದಲ್ಲೇ

ಪುಣೆಯ ದತ್ತು ಸಂಸ್ಥೆಗೆ ನೇರವಾಗಿ ಹೋಗಿ ಮಗುವನ್ನು ಆರಿಸಿಕೊಳ್ಳುವಂತಿಲ್ಲ. ಹೊರದೇಶದವರು ಅಲ್ಲಿನ ಮಾನ್ಯತೆ ಪಡೆದ ದತ್ತು ಏಜೆನ್ಸಿ ಅಥವಾ ಸರ್ಕಾರಿ ಪ್ರಾಧಿಕಾರದ ಮೂಲಕ, ಅವೆರಡೂ ಇಲ್ಲದ ಕಡೆ ಭಾರತೀಯ ರಾಯಭಾರ ಕಚೇರಿಯ ಮೂಲಕ, ಕೇಂದ್ರೀಯ ದತ್ತು ಸಂಪನ್ಮೂಲ ಪ್ರಾಧಿಕಾರದಲ್ಲಿ, ಅಂದರೆ ಎಲ್ಲರೂ ಕರೆಯುವ ‘ಕಾರಾ’ದಲ್ಲಿ, ಹೆಸರು ನೋಂದಾಯಿಸಬೇಕು. ನಿಮ್ಮ ಮನೆ, ಆದಾಯ, ಆರೋಗ್ಯ ನೋಡಿ ಅವರು ಗೃಹ ಅಧ್ಯಯನ ವರದಿ ಬರೆಯುತ್ತಾರೆ. ಈ ಬಿಗಿ ಸುಮ್ಮನೆ ಬಂದದ್ದಲ್ಲ. ವಿದೇಶಿ ದತ್ತಿನ ಹೆಸರಿನಲ್ಲಿ ನಡೆಯುತ್ತಿದ್ದ ಅಕ್ರಮಗಳ ಬಗ್ಗೆ ವಕೀಲ ಲಕ್ಷ್ಮೀಕಾಂತ್ ಪಾಂಡೆ ಬರೆದ ಪತ್ರದ ಮೇಲೆ ಸುಪ್ರೀಂ ಕೋರ್ಟ್ 1984ರಲ್ಲಿ ಮಾರ್ಗಸೂಚಿ ಹಾಕಿಕೊಟ್ಟ ಮೇಲೆ ಬಂದದ್ದು.

ಭಾರತದ ಪಾಸ್‌ಪೋರ್ಟ್ ಇರುವ ಅನಿವಾಸಿಗಳಿಗೆ ಇಲ್ಲಿನವರ ಸರಿಸಮನಾದ ಸರದಿ. ಒಸಿಐ ಕಾರ್ಡಿನವರ, ಅಂದರೆ ಬೇರೆ ದೇಶದ ಪ್ರಜೆಗಳಾದ ಭಾರತ ಮೂಲದವರ, ಸರದಿ ಅನಂತರದ್ದು: ದತ್ತಿಗೆ ಮುಕ್ತವಾದ ಮಗುವಿಗೆ 60 ದಿನದೊಳಗೆ ಭಾರತೀಯ ಪೋಷಕರು ಸಿಗದಿದ್ದರೆ ಅದನ್ನು ಹೊರದೇಶಕ್ಕೆ ಕೊಡಬಹುದು, ಆಗ ಒಸಿಐಗಳಿಗೆ ವಿದೇಶಿಯರಿಗಿಂತ ಆದ್ಯತೆ. ಎರಡರಿಂದ ನಾಲ್ಕು ವರ್ಷದ ಮಗು ಬೇಕೆಂದರೆ ದಂಪತಿಯ ವಯಸ್ಸು ಕೂಡಿಸಿ 90 ದಾಟಬಾರದು, ಒಂಟಿ ಪೋಷಕರಾದರೆ 45. ಒಂಟಿ ಗಂಡಸಿಗೆ ಹೆಣ್ಣುಮಗುವನ್ನು ಕೊಡುವುದಿಲ್ಲ.

ಅಮೆರಿಕದವರಿಗೆ ಇನ್ನೊಂದು ಮಾತು. ಅಲ್ಲಿ ದತ್ತು ಪಡೆಯುವ ಅರ್ಹತೆಗೆಂದು ಐ-800ಎ ಅರ್ಜಿ ಹಾಕಲು ದಂಪತಿಯಲ್ಲಿ ಒಬ್ಬರಾದರೂ ಅಮೆರಿಕದ ಪ್ರಜೆಯಾಗಿರಬೇಕು. ಗ್ರೀನ್ ಕಾರ್ಡ್ ಸಾಲದು. ಮಗು ನಿಶ್ಚಯವಾದ ಮೇಲೆ ಆ ಮಗುವಿಗಾಗಿ ಐ-800 ಅರ್ಜಿ. ಅದಕ್ಕೆ ತಾತ್ಕಾಲಿಕ ಒಪ್ಪಿಗೆ ಬರುವ ಮೊದಲೇ ಮಗುವನ್ನು ವಶಕ್ಕೆ ಪಡೆದರೆ ಮುಂದೆ ವೀಸಾಕ್ಕೇ ಸಂಚಕಾರ.

ವರದಿ ಕೈಗೆ ಬಂದಾಗ

ಮಗುವಿನ ಅಧ್ಯಯನ ವರದಿ, ವೈದ್ಯಕೀಯ ವರದಿ, ಫೋಟೊ ಬರುತ್ತವೆ. ಫೋಟೊ ನೋಡಿ ಕಣ್ಣೀರು ಹಾಕಿ, ವೈದ್ಯಕೀಯ ವರದಿಯನ್ನು ಮಕ್ಕಳ ವೈದ್ಯರಿಗೆ ಕೊಡಿ. ನಮ್ಮ ಹುಡುಗನಿಗೆ ಸೀಳುತುಟಿಯ ಶಸ್ತ್ರಚಿಕಿತ್ಸೆಯಾಗಿತ್ತು. ಮುಂದೆ ಮಾತಿನ ತರಬೇತಿ ಬೇಕಾಗಬಹುದೆಂದು ವೈದ್ಯರು ಹೇಳಿದ್ದರಿಂದ ತಂಗಿಯ ಮಗಳು ಅಮೆರಿಕದಲ್ಲಿ ಮೊದಲೇ ವ್ಯವಸ್ಥೆ ಮಾಡಿಕೊಂಡಳು. ಒಪ್ಪಿಗೆ ಸೂಚಿಸಿದ ಮೇಲೆ ಎರಡೂ ದೇಶಗಳ ಸಮ್ಮತಿ, ಆಮೇಲೆ ಕಾರಾದ ನಿರಾಕ್ಷೇಪಣಾ ಪತ್ರ.

ಈ ನಡುವೆ ಒಂದು ಆಲ್ಬಮ್ ಮಾಡಿ ಸಂಸ್ಥೆಗೆ ಕಳುಹಿಸಿ: ಅಮ್ಮ, ಅಪ್ಪ, ಮನೆ, ನಾಯಿ ಇದ್ದರೆ ನಾಯಿ. ನಮ್ಮವನು ಮೊದಲು ಗುರುತು ಹಿಡಿದದ್ದು ನಾಯಿಯನ್ನೇ.

ಹೆಸರಿನ ತಕರಾರು

ನಮ್ಮವರು ಮುಗ್ಗರಿಸುವುದು ಇಲ್ಲಿ. ನಮ್ಮಲ್ಲಿ ಇನಿಷಿಯಲ್, ಮಹಾರಾಷ್ಟ್ರದ ಕಚೇರಿಗಳಲ್ಲಿ ಹೆಸರು, ತಂದೆಯ ಹೆಸರು, ಮನೆತನದ ಹೆಸರು. ಅಳಿಯನ ಹೆಸರಿನ ಮುಂದಿನ ‘ಕೆ.ಎಸ್.’ ಪಾಸ್‌ಪೋರ್ಟಿನಲ್ಲಿ ಬಿಡಿಸಿಕೊಂಡು ಒಂದು ರೂಪ, ಅಫಿಡವಿಟ್‌ನಲ್ಲಿ ಇನ್ನೊಂದು ರೂಪವಾಗಿತ್ತು. ತಿದ್ದಿಸಲು ಹತ್ತು ದಿನ ಹೋಯಿತು. ತಪ್ಪು ನನ್ನದೇ, ಕರಡು ಓದಿದವಳು ನಾನು. ದತ್ತು ಆದೇಶ, ಜನನ ಪ್ರಮಾಣಪತ್ರ, ಪಾಸ್‌ಪೋರ್ಟ್, ವೀಸಾ ಎಲ್ಲದರಲ್ಲೂ ಒಂದೇ ಅಕ್ಷರಗಳಿರಲಿ. ಮಗುವಿನ ಹೊಸ ಹೆಸರು ಹೇಗಿರಬೇಕೆಂಬ ಜಗಳವನ್ನೂ ಅರ್ಜಿ ಹಾಕುವ ಮೊದಲೇ ಮುಗಿಸಿಕೊಳ್ಳಿ.

ಪುಣೆಯ ದಿನಗಳು

ಹೋಟೆಲ್ ಬೇಡ, ಅಡುಗೆಮನೆ ಇರುವ ಬಾಡಿಗೆ ಮನೆ ಹಿಡಿಯಿರಿ. ಆದಷ್ಟು ಸಂಸ್ಥೆಗೆ ಹತ್ತಿರ.

ಮೊದಲ ದಿನ ಮಗು ಓಡಿ ಬಂದು ತಬ್ಬಿಕೊಳ್ಳುತ್ತದೆ ಎಂದುಕೊಳ್ಳಬೇಡಿ. ನಮ್ಮವನು ಆಯಾಳ ಸೆರಗು ಬಿಡಲಿಲ್ಲ. ಅವನಿಗೆ ಬರುತ್ತಿದ್ದುದು ಮರಾಠಿ. ತಂಗಿಯ ಮಗಳು ಡೊಂಬಿವಲಿಯಲ್ಲೇ ಬೆಳೆದವಳಾದರೂ ಹದಿನೈದು ವರ್ಷದಲ್ಲಿ ಮರಾಠಿ ನಾಲಿಗೆಯಿಂದ ಜಾರಿತ್ತು. ಅಳಿಯ ಧಾರವಾಡದವನು, ಅವನಿಗೆ ಬಾರದು. ಕೊನೆಗೆ ಕಲ್ಯಾಣದಲ್ಲಿ ರೈಲು ಹತ್ತಿ ಬಂದ ನನ್ನ ತಂಗಿಯೇ ದಾರಿ ಮಾಡಿಕೊಟ್ಟಳು. ನಲವತ್ತು ವರ್ಷ ಭಾಜಿವಾಲಿಯರೊಡನೆ ಚೌಕಾಸಿ ಮಾಡಿ ಕಲಿತ ಮರಾಠಿ ಮೊಮ್ಮಗನ ಬಳಿ ಕೆಲಸಕ್ಕೆ ಬಂತು. ನಿಮ್ಮ ಮುಂಬೈ, ಪುಣೆಯ ಅಜ್ಜಿಯರನ್ನು ಈ ಕೆಲಸಕ್ಕೆ ಕರೆಯಿರಿ. ಇಲ್ಲವಾದರೆ ಪಾಣಿ (ನೀರು), ಭೂಕ್ (ಹಸಿವೆ), ಶೂ (ಉಚ್ಚೆ), ಶೀ (ಕಕ್ಕ), ಝೋಪ್ (ನಿದ್ದೆ) ಇಷ್ಟನ್ನಾದರೂ ಕಲಿಯಿರಿ. ಹಸಿವೆಯೋ ನಿದ್ದೆಯೋ ತಿಳಿಯದೆ ರಾತ್ರಿಯಿಡೀ ಕೂರುವುದಕ್ಕಿಂತ ಅದು ಮೇಲು.

ಆಯಾಗಳನ್ನು ‘ಮಾವಶಿ’, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಿದ್ದವನು ತಂಗಿಯ ಮಗಳನ್ನೂ ಮಾವಶಿ ಎಂದ. ಅವಳು ಬಚ್ಚಲಿಗೆ ಹೋಗಿ ಅತ್ತಳು. “ಕರೆಯಲಿ ಬಿಡು, ಅನ್ನ ಕೊಡುವ ಹೆಂಗಸರಿಗೆಲ್ಲ ಅವನ ಹತ್ತಿರ ಇರುವುದು ಅದೊಂದೇ ಹೆಸರು,” ಎಂದಳು ತಂಗಿ.

ಸಂಸ್ಥೆಯಲ್ಲಿ ಮಗು ಎಷ್ಟು ಗಂಟೆಗೆ ಏನು ತಿನ್ನುತ್ತದೆ, ಯಾವ ಬೆಳಕಿನಲ್ಲಿ ಮಲಗುತ್ತದೆ ಎಂದು ಬರೆದುಕೊಳ್ಳಿ. ಸಪ್ಪೆ ವರಣ್ (ತೊವ್ವೆ), ಮೆತ್ತಗಿನ ಅನ್ನ ತಿನ್ನುವ ಮಗುವಿಗೆ ನಮ್ಮ ಹುಳಿ ಎರಡು ತಿಂಗಳು ಕಾಯಬಹುದು. ಹೊಸ ಬಟ್ಟೆ ಎಷ್ಟೇ ತಂದಿರಿ, ಅದು ಹೊದೆಯುತ್ತಿದ್ದ ಹಳೆಯ ಚಾದರವನ್ನು ಕೇಳಿ ಪಡೆಯಿರಿ. ಒಗೆಯಬೇಡಿ, ವಾಸನೆಯೇ ಅದರ ಬೆಲೆ.

ಆದೇಶ, ಪಾಸ್‌ಪೋರ್ಟ್, ವಿಮಾನ

2022ರ ಸೆಪ್ಟೆಂಬರ್ 1ರಿಂದ ದತ್ತು ಆದೇಶ ಕೊಡುವುದು ನ್ಯಾಯಾಲಯವಲ್ಲ, ಜಿಲ್ಲಾಧಿಕಾರಿ. ಅರ್ಜಿ ಸಲ್ಲಿಸುವುದು ಸಂಸ್ಥೆಯ ಕೆಲಸ. ಇತ್ಯರ್ಥಕ್ಕೆ ಕಾನೂನು ಕೊಟ್ಟಿರುವುದು ಎರಡು ತಿಂಗಳು. ಆಮೇಲೆ ಜನನ ಪ್ರಮಾಣಪತ್ರ, ಮಗುವಿನ ಭಾರತೀಯ ಪಾಸ್‌ಪೋರ್ಟ್, ದೇಶದಿಂದ ದೇಶಕ್ಕೆ ನಡೆಯುವ ದತ್ತಿನ ಬಗೆಗಿನ ಹೇಗ್ ಒಪ್ಪಂದದ 23ನೇ ವಿಧಿಯಂತೆ ಕಾರಾ ಕೊಡುವ ಪ್ರಮಾಣಪತ್ರ, ವೀಸಾ. ದಿನಾಂಕ ಬದಲಿಸಲಾಗದ ಅಗ್ಗದ ಟಿಕೆಟ್ ಕೊಳ್ಳಬೇಡಿ. ನಿಗದಿತ ಶುಲ್ಕ ಬಿಟ್ಟು ‘ದೇಣಿಗೆ’ ಎಂದು ಯಾರಾದರೂ ಕೈಚಾಚಿದರೆ ಕೊಡಬೇಡಿ.

ವಿಮಾನ ಏರುವಾಗ, ಇಳಿಯುವಾಗ ಕಿವಿನೋವಿಗೆ ಕುಡಿಯಲು ಏನಾದರೂ ಕೈಯಲ್ಲಿರಲಿ. ಹಳೆಯ ಚಾದರ ಕೈಚೀಲದಲ್ಲಿರಲಿ, ಸೂಟ್‌ಕೇಸಿನಲ್ಲಲ್ಲ.

ಅಲ್ಲಿಗೆ ಹೋದ ಮೇಲೆ ಮೊದಲ ವರ್ಷ ಮೂರು ತಿಂಗಳಿಗೊಮ್ಮೆ, ಎರಡನೆಯ ವರ್ಷ ಆರು ತಿಂಗಳಿಗೊಮ್ಮೆ ಮಗು ಹೇಗಿದೆಯೆಂಬ ವರದಿ ಭಾರತಕ್ಕೆ ಬರಬೇಕು. ಎಲ್ಲ ಕಾಗದಗಳ ಒಂದು ಪ್ರತಿಯನ್ನು ಅವನ ಹೆಸರಿನಲ್ಲೇ ಬೇರೆ ಕಡತ ಮಾಡಿಡಿ. 18 ತುಂಬಿದ ಮೇಲೆ ತನ್ನ ಮೂಲ ತಿಳಿಯಬೇಕೆಂದು ಅವನೇ ಅರ್ಜಿ ಹಾಕಬಹುದು, ಆಗ ಬೇಕಾಗುತ್ತದೆ. ನಮ್ಮವನ ಕಡತದಲ್ಲಿ ತಂಗಿ ಪುಣೆಯ ರೈಲು ಟಿಕೆಟನ್ನೂ ಸೇರಿಸಿಟ್ಟಿದ್ದಾಳೆ.