6ಬಿ6ಬಿ6ಬಿ7ಬಿ: ಕ್ಯಾನ್ ಬಸ್ ತುಂಬಿದಾಗ ಬೀಳುತ್ತಿದ್ದ ಬೋರ್ಡ್

ಬೋರ್ಡ್ ಲ್ಯಾಬಿನ ಮೇಜಿನ ಮೇಲೆ ವಾರಗಟ್ಟಲೆ ಚೆನ್ನಾಗಿ ಓಡುತ್ತಿತ್ತು. ಗಾಡಿಗೆ ಹಾಕಿದರೆ ಮಾತ್ರ ದಿನಕ್ಕೆ ಎರಡು ಮೂರು ಸಲ ತಾನೇ ರೀಬೂಟ್ ಆಗುತ್ತಿತ್ತು. ಬ್ಯಾಟರಿ ಆಟೋದ ಕ್ಯಾನ್ ಬಸ್‌ನಲ್ಲಿ (ಗಾಡಿಯ ಎಲೆಕ್ಟ್ರಾನಿಕ್ ಭಾಗಗಳು ಮಾತಾಡಿಕೊಳ್ಳುವ ಎರಡು ತಂತಿಯ ಜಾಲ) ಓಡಾಡುವ ಫ್ರೇಮ್‌ಗಳನ್ನೆಲ್ಲ, ಅಂದರೆ ಚಿಕ್ಕ ಸಂದೇಶಗಳನ್ನೆಲ್ಲ, ಎಸ್‌ಡಿ ಕಾರ್ಡಿಗೆ ಬರೆಯುವುದು ಅದರ ಕೆಲಸ. 32 ಬಿಟ್ ಆರ್ಮ್ ಪ್ರೊಸೆಸರ್, ಒಂದೇ ಕೋರ್, ಲಿನಕ್ಸ್ 5.10. ಬಸ್‌ನ ಜೊತೆ ಮಾತಾಡುವ ಕ್ಯಾನ್ ಕಂಟ್ರೋಲರ್ ಚಿಪ್ ಎಸ್‌ಪಿಐ ಮೇಲೆ, ಅಂದರೆ ಚಿಪ್‌ಗಳನ್ನು ಜೋಡಿಸುವ ತಂತಿಗಳ ಮೇಲೆ, ಕೂತಿದೆ. ಅದನ್ನು ನಡೆಸುವ ಕೋಡ್, ಅಂದರೆ ಕರ್ನಲ್ (ಲಿನಕ್ಸ್‌ನ ತಿರುಳು) ಒಳಗಿನ ಡ್ರೈವರ್, ನಮ್ಮದೇ.

ಮೊದಲ ತೊಂದರೆ ಏನೆಂದರೆ, ಯಾಕೆ ಬಿತ್ತು ಅಂತ ಹೇಳಲು ಏನೂ ಉಳಿಯುತ್ತಿರಲಿಲ್ಲ. ವಾಚ್‌ಡಾಗ್ (ಬೋರ್ಡ್ ನಿಂತುಹೋದರೆ ರೀಬೂಟ್ ಮಾಡುವ ಟೈಮರ್) ಬೋರ್ಡನ್ನು ಎಬ್ಬಿಸಿಬಿಡುತ್ತಿತ್ತು, ಲಾಗ್ ಖಾಲಿ. ನಾನು ಎರಡು ದಿನ ಪವರ್ ಸಪ್ಲೈ ಹಿಂದೆ ಹೋದೆ. ಹಾರ್ಡ್‌ವೇರ್ ಟೀಮಿನ ಗೆಳೆಯ ಆಸಿಲೋಸ್ಕೋಪ್ ಹಿಡಿದು ಗಾಡಿಯಲ್ಲೇ ಕೂತ. ವೋಲ್ಟೇಜ್ ಸರಿ ಇತ್ತು. ಬಸ್‌ನ ಎರಡು ತಂತಿಗಳ ನಡುವೆ ಅಳೆದರೆ 60 ಓಮ್, ಅಂದರೆ ಎರಡೂ ತುದಿಯ 120 ಓಮ್ ರೆಸಿಸ್ಟರ್ ಸರಿಯಾಗಿವೆ. "ನನ್ನ ಕಡೆ ಏನೂ ಇಲ್ಲ ಗುರು, ನಿನ್ನ ಕಡೆ ನೋಡು" ಅಂದ. ಅವನು ಹೇಳಿದ್ದು ನಿಜ.

ಆಗ ರಾಮ್‌ಊಪ್ಸ್ ಹಾಕಿದೆ. ಡಿವೈಸ್ ಟ್ರೀಯಲ್ಲಿ (ಬೋರ್ಡ್‌ನಲ್ಲಿ ಏನೇನು ಹಾರ್ಡ್‌ವೇರ್ ಇದೆ ಅಂತ ಕರ್ನಲ್‌ಗೆ ಹೇಳುವ ಫೈಲ್) ರಾಮ್‌ನ ಒಂದು ಚಿಕ್ಕ ಭಾಗವನ್ನು ಎತ್ತಿಟ್ಟರೆ, ಕರ್ನಲ್ ಬೀಳುವಾಗ ತನ್ನ ಕೊನೆಯ ಮಾತನ್ನು ಅಲ್ಲಿ ಬರೆದಿಡುತ್ತದೆ. ಕರೆಂಟ್ ಹೋಗದೆ ಬರೀ ರೀಬೂಟ್ ಆಗಿದ್ದರೆ ಅದು ಹಾಗೇ ಉಳಿದಿರುತ್ತದೆ. ಗಾಡಿಯಲ್ಲಿ ಲ್ಯಾಪ್‌ಟಾಪ್ ಇಟ್ಟು ಸೀರಿಯಲ್ ಕನ್ಸೋಲ್ ನೋಡುತ್ತಾ ಕೂರುವುದು ಆಗದ ಮಾತು, ಅಲ್ವಾ? ಇಂಥ ಕೆಲಸ ಶುರು ಮಾಡುವ ಯಾರಿಗೇ ಆದರೂ ನಾನು ಹೇಳುವುದು ಇದನ್ನೇ: ಮೊದಲು ಲಾಗ್ ಉಳಿಯುವ ಹಾಗೆ ಮಾಡಿಕೊಳ್ಳಿ, ಆಮೇಲೆ ಊಹೆ.

ಮೂರು ಕ್ರ್ಯಾಶ್ ಸಿಕ್ಕವು. ಮೂರೂ ಬೇರೆ ಬೇರೆ ಕಡೆ. ಒಂದು ಮೆಮೊರಿ ಹಂಚುವ ಕೋಡ್‌ನಲ್ಲಿ, ಒಂದು ಫೈಲ್ ಸಿಸ್ಟಂನಲ್ಲಿ, ಇನ್ನೊಂದು ನಮ್ಮ ಕೆಲಸಕ್ಕೂ ಅದಕ್ಕೂ ಸಂಬಂಧವೇ ಇಲ್ಲದ ಒಂದು ಟೈಮರ್‌ನಲ್ಲಿ. ಒಂದರಲ್ಲೂ ನಮ್ಮ ಡ್ರೈವರ್ ಹೆಸರಿಲ್ಲ. ಹೊಸದಾಗಿ ಸೇರಿದ ಹುಡುಗ "ಸರ್, ಹಾಗಾದರೆ ನಮ್ಮ ತಪ್ಪಲ್ಲ" ಅಂದ. ನನಗೆ ಅದು ಉಲ್ಟಾ ಕಂಡಿತು. ಬೀಳುವ ಜಾಗ ಪ್ರತಿ ಸಲ ಬದಲಾಗುತ್ತಿದ್ದರೆ, ಯಾರೋ ತಮ್ಮದಲ್ಲದ ಮೆಮೊರಿಯ ಮೇಲೆ ಬರೆಯುತ್ತಿದ್ದಾರೆ ಅಂತಲೇ ಜಾಸ್ತಿ ಅನುಮಾನ. ಬೀಳುವವನು ಬೇರೆ, ಬೀಳಿಸಿದವನು ಬೇರೆ. ಒಂದು ರಾತ್ರಿ ಮೆಮ್‌ಟೆಸ್ಟರ್ ಓಡಿಸಿ ರಾಮ್ ಚಿಪ್ ಸರಿ ಇದೆ ಅಂತ ಖಚಿತ ಮಾಡಿಕೊಂಡೆ. ಉಳಿದದ್ದು ಕೋಡ್.

ಈಗ ತೊಂದರೆಯನ್ನು ಮೇಜಿನ ಮೇಲೆ ತರಿಸಬೇಕಿತ್ತು. ಇನ್ನೊಂದು ಲ್ಯಾಪ್‌ಟಾಪಿಗೆ ಯುಎಸ್‌ಬಿ ಕ್ಯಾನ್ ಅಡಾಪ್ಟರ್ ಹಾಕಿ, ಕ್ಯಾನ್-ಯುಟಿಲ್ಸ್‌ನ ಕ್ಯಾನ್‌ಜೆನ್ ಕಮಾಂಡಿನಿಂದ ಬಿಡುವೇ ಇಲ್ಲದೆ ಫ್ರೇಮ್ ಕಳಿಸಿದೆ. ನಮ್ಮ ಬಸ್ 500 ಕೆಬಿಪಿಎಸ್, ಅಂದರೆ ಸೆಕೆಂಡಿಗೆ 5 ಲಕ್ಷ ಬಿಟ್. 8 ಬೈಟ್ ಡೇಟಾ ಇರುವ ಸಾಮಾನ್ಯ ಫ್ರೇಮ್‌ಗೆ ಸ್ಟಫ್ ಬಿಟ್ (ಒಂದೇ ಥರದ ಬಿಟ್ ಸಾಲಾಗಿ ಬಂದಾಗ ನಡುವೆ ತುರುಕುವ ಬಿಟ್) ಲೆಕ್ಕಕ್ಕೆ ಹಿಡಿಯದೆ 111 ಬಿಟ್ ಬೇಕು. ಅಂದರೆ ಸೆಕೆಂಡಿಗೆ ಹೆಚ್ಚೆಂದರೆ 4500 ಫ್ರೇಮ್. ಇದರಲ್ಲಿ ಬೋರ್ಡ್ 40 ನಿಮಿಷಕ್ಕೆ ಬಿತ್ತು. ಒಂದು ಪ್ರಯೋಗಕ್ಕೆ 40 ನಿಮಿಷ ಕಾಯುವುದು ತುಂಬಾ ದುಬಾರಿ.

ಇಲ್ಲಿ ನನಗೆ ಉಪಯೋಗಕ್ಕೆ ಬಂದ ಒಂದು ಲೆಕ್ಕ ಹೇಳುತ್ತೇನೆ. ಡೇಟಾ ಇಲ್ಲದ ಖಾಲಿ ಫ್ರೇಮ್ ಬರೀ 47 ಬಿಟ್. ಅದನ್ನೇ ಕಳಿಸಿದರೆ ಅದೇ ಬಸ್‌ನಲ್ಲಿ ಸೆಕೆಂಡಿಗೆ 10,000 ದಾಟುತ್ತದೆ. ಕರ್ನಲ್‌ಗೆ ಭಾರ ಆಗುವುದು ಬೈಟ್‌ಗಳಿಂದಲ್ಲ, ಫ್ರೇಮ್‌ಗಳ ಎಣಿಕೆಯಿಂದ. ಒಂದೊಂದು ಫ್ರೇಮ್‌ಗೂ ಎಸ್‌ಪಿಐ ಮಾತುಕತೆ, ಅದನ್ನಿಡಲು ಒಂದು ಬಫರ್ (ಮೆಮೊರಿಯ ತುಂಡು), ಪ್ರೋಗ್ರಾಂ ಫ್ರೇಮ್ ಓದುವ ಬಾಗಿಲಾದ ಸಾಕೆಟ್‌ವರೆಗಿನ ಪೂರ್ತಿ ದಾರಿ. ಲೋಡ್ ಟೆಸ್ಟ್ ಅಂದರೆ ದೊಡ್ಡ ಫ್ರೇಮ್ ಅಂತ ನಾನೂ ಬಹಳ ದಿನ ಅಂದುಕೊಂಡಿದ್ದೆ. ಖಾಲಿ ಫ್ರೇಮ್ ಬಿಟ್ಟ ಮೇಲೆ ಬೋರ್ಡ್ ಮೂರು ನಿಮಿಷದಲ್ಲಿ ಬಿತ್ತು. ಕಂಟ್ರೋಲರ್ ಕೆಲವು ಫ್ರೇಮ್ ಕಳೆದುಕೊಂಡಿತು, ಅದು ಈಗ ಮುಖ್ಯವಲ್ಲ.

ಆಮೇಲೆ ಕಣ್ಣಿಗೆ ಬಿದ್ದದ್ದು ಎಸ್‌ಡಿ ಕಾರ್ಡ್. ಬೀಳುವ ಮುಂಚಿನ ರೆಕಾರ್ಡ್ ಫೈಲ್‌ಗಳನ್ನು ತೆರೆದು ನೋಡಿದರೆ, ಪ್ರತಿ ಸಲ ಕೊನೆಯಲ್ಲಿ ಒಂದು ಸಣ್ಣ ಕಂದಕ. ಕಾರ್ಡ್ ಒಳಗೆ ತನ್ನ ಕೆಲಸದಲ್ಲಿ ತೊಡಗಿದಾಗ ಬರೆಯುವ ಪ್ರೋಗ್ರಾಂ ತುಸು ಹೊತ್ತು ನಿಂತುಬಿಡುತ್ತದೆ. ಸಾಕೆಟ್‌ನಿಂದ ಫ್ರೇಮ್ ಓದುವುದೂ ಅದೇ ಪ್ರೋಗ್ರಾಂ. ಹಾಗಾದರೆ ಓದುವವನು ನಿಂತರೆ ಬೋರ್ಡ್ ಬೀಳುತ್ತದೆಯೇ? ನಮ್ಮ ಪ್ರೋಗ್ರಾಂಗೆ ಸ್ಟಾಪ್ ಸಿಗ್ನಲ್ ಕಳಿಸಿ ನಿಲ್ಲಿಸಿದೆ, ಬಸ್ ಮಾತ್ರ ಓಡಲಿ ಅಂತ ಬಿಟ್ಟೆ. ಹತ್ತು ಸೆಕೆಂಡ್ ಆಗುವಷ್ಟರಲ್ಲಿ ಬಿತ್ತು. ಮತ್ತೆ ಮಾಡಿದೆ, ಮತ್ತೆ ಬಿತ್ತು. ಆ ಹೊತ್ತಿಗೆ ಆದ ಸಮಾಧಾನ ನನಗೆ ಇನ್ನೂ ನೆನಪಿದೆ. 40 ನಿಮಿಷದ ತೊಂದರೆ ಹತ್ತು ಸೆಕೆಂಡಿಗೆ ಇಳಿದಿತ್ತು.

ಇನ್ನು ಕಳ್ಳನನ್ನು ಹಿಡಿಯಬೇಕು. ಕರ್ನಲ್ ಮತ್ತೆ ಬಿಲ್ಡ್ ಮಾಡಲಿಲ್ಲ. ಮೆಮೊರಿ ತಪ್ಪುಗಳನ್ನು ಹಿಡಿಯುವ ಸ್ಲಬ್ ಡೀಬಗ್ ನಮ್ಮ ಕರ್ನಲ್‌ನಲ್ಲಿ ಆಗಲೇ ಇತ್ತು. ಯು-ಬೂಟ್‌ನಲ್ಲಿ (ಲಿನಕ್ಸನ್ನು ಶುರು ಮಾಡಿಸುವ ಪ್ರೋಗ್ರಾಂ) ಬೂಟ್ ಆರ್ಗ್ಯುಮೆಂಟ್‌ಗೆ ಒಂದು ಪದ ಸೇರಿಸಿ ಅದನ್ನು ಆನ್ ಮಾಡಿದೆ. ಹೀಗೆ ಮಾಡಿದರೆ, ಮೆಮೊರಿ ಬಿಡುಗಡೆ ಆದ ಕೂಡಲೇ ಕರ್ನಲ್ ಅದರ ತುಂಬಾ 6ಬಿ ಅನ್ನುವ ಹೆಕ್ಸ್ (16ರ ಎಣಿಕೆಯ) ಬೈಟ್ ತುಂಬುತ್ತದೆ. ಬಿಟ್ಟ ಮೆಮೊರಿಯಲ್ಲಿದ್ದ ಪಾಯಿಂಟರ್ (ಇನ್ನೊಂದು ಜಾಗದ ವಿಳಾಸ) ಹಿಡಿದು ಯಾರಾದರೂ ಹೊರಟರೆ ಅಲ್ಲೇ ಸಿಕ್ಕಿಬೀಳುತ್ತಾರೆ.

ಬಸ್‌ಗೆ ಒಂದೇ ಒಂದು ಫ್ರೇಮ್ ಬಿಟ್ಟೆ. ಬಿತ್ತು! ಲೋಡೂ ಇಲ್ಲ, ಏನೂ ಇಲ್ಲ. ಕನ್ಸೋಲ್‌ನಲ್ಲಿ ತಪ್ಪು ವಿಳಾಸ ಅಂತ ಬಂದದ್ದು 6ಬಿ6ಬಿ6ಬಿ7ಬಿ. ಸಾಲಾಗಿ 6ಬಿ, ಕೊನೆಗೆ ಮಾತ್ರ 7ಬಿ. ಹೆಕ್ಸ್‌ನಲ್ಲಿ 6ಬಿ ಗೆ 10 ಕೂಡಿಸಿದರೆ 7ಬಿ. ಹೆಕ್ಸ್‌ನ 10 ಅಂದರೆ ನಮ್ಮ 16. ಅಂದರೆ, ಸತ್ತುಹೋದ ಒಂದು ಪಾಯಿಂಟರ್ ಹಿಡಿದು ಅಲ್ಲಿಂದ 16 ಬೈಟ್ ಮುಂದೆ ಯಾರೋ ಬರೆಯಲು ಹೋಗಿದ್ದಾರೆ. ಈ ಸಲ ಪಿಸಿಯ, ಅಂದರೆ ಬಿದ್ದಾಗ ಓಡುತ್ತಿದ್ದ ಕೋಡ್‌ನ ವಿಳಾಸದ, ಸಾಲಿನಲ್ಲಿ ನಮ್ಮ ಡ್ರೈವರ್ ಹೆಸರೇ ಇತ್ತು. ವಿಳಾಸದಿಂದ ಕೋಡ್‌ನ ಸಾಲು ಹುಡುಕಿಕೊಡುವ ಆಡರ್2ಲೈನ್ ಹಾಕಿ ನೋಡಿದರೆ, ಫ್ರೇಮ್‌ಗೆ ಹಾರ್ಡ್‌ವೇರ್ ಟೈಮ್‌ಸ್ಟ್ಯಾಂಪ್ (ಅದು ಬಂದ ಸಮಯ) ಬರೆಯುವ ಸಾಲು. ಆ ಸಾಲನ್ನು ಸೇರಿಸಿದ್ದು ನಾನೇ.

ನಡೆಯುತ್ತಿದ್ದದ್ದು ಇಷ್ಟು. ಡ್ರೈವರ್ ಫ್ರೇಮ್ ಇರುವ ಬಫರನ್ನು ನೆಟ್‌ಇಫ್_ಆರ್‌ಎಕ್ಸ್_ಎನ್‌ಐ ಫಂಕ್ಷನ್‌ಗೆ ಕೊಡುತ್ತದೆ. ಕೊಟ್ಟ ಮೇಲೆ ಆ ಬಫರ್ ಡ್ರೈವರ್‌ದಲ್ಲ, ನೆಟ್‌ವರ್ಕ್ ಪದರದ್ದು. ನಮ್ಮ ಕೋಡ್ ಕೊಟ್ಟು ಆದ ಮೇಲೆ ಅದರ ಮೇಲೆ ಸಮಯ ಬರೆಯುತ್ತಿತ್ತು. ಆ ಫಂಕ್ಷನ್ ವಾಪಸ್ ಬರುವಷ್ಟರಲ್ಲಿ ಬಫರ್‌ನ ಒಂದು ನಕಲು ಸಾಕೆಟ್ ತಲುಪಿ, ಮೂಲ ಬಫರ್‌ನ ತಲೆಬರಹ (ಡೇಟಾ ಎಲ್ಲಿದೆ ಅಂತ ಪಾಯಿಂಟರ್ ಇಟ್ಟುಕೊಂಡಿರುವ ಭಾಗ) ಬಿಡುಗಡೆಯಾಗಿರುತ್ತದೆ.

ಹಾಗಾದರೆ ಮೇಜಿನ ಮೇಲೆ ಯಾಕೆ ಚೆನ್ನಾಗಿತ್ತು? ಮನೆ ಖಾಲಿ ಮಾಡಿ ಬೀಗದ ಕೈ ಓನರ್‌ಗೆ ಕೊಟ್ಟ ಮೇಲೂ ಇನ್ನೊಂದು ಕೀಲಿ ಇಟ್ಟುಕೊಂಡು ಒಳಗೆ ಹೋಗಿ ಬಂದ ಹಾಗೆ. ಹೊಸಬರು ಬರುವವರೆಗೆ ಯಾರಿಗೂ ಗೊತ್ತಾಗುವುದಿಲ್ಲ. ಲೋಡ್ ಕಡಿಮೆ ಇದ್ದಾಗ ಸಾಕೆಟ್‌ನಲ್ಲಿ ಕಾಯುತ್ತಿರುವ ನಕಲು ಅದೇ ಡೇಟಾವನ್ನು ಹಿಡಿದುಕೊಂಡಿರುತ್ತದೆ. ಹಳೆಯ ಪಾಯಿಂಟರ್‌ನಿಂದ ಬರೆದ ಸಮಯ ಸರಿಯಾದ ಜಾಗಕ್ಕೇ ಹೋಗುತ್ತದೆ. ಟೈಮ್‌ಸ್ಟ್ಯಾಂಪ್ ಕೂಡ ಸರಿಯಾಗಿ ಬರುತ್ತಿತ್ತು! ಓದುವವನು ತಡ ಮಾಡಿ ಸಾಕೆಟ್ ಬಫರ್ ತುಂಬಿದಾಗ ಕರ್ನಲ್ ನಕಲನ್ನೂ ಎಸೆಯುತ್ತದೆ. ಆಗ ಡೇಟಾ ಇದ್ದ ಜಾಗವೂ ಖಾಲಿ. ನಾವು ಬರೆದ ಸಮಯದ 8 ಬೈಟ್ ಹೋಗಿ ಬೇರೆ ಯಾರದೋ ಮೆಮೊರಿಯಲ್ಲಿ ಕೂರುತ್ತದೆ.

ಸರಿಪಡಿಸಿದ್ದು ಎರಡು ಬದಲಾವಣೆಯಲ್ಲಿ. ಟೈಮ್‌ಸ್ಟ್ಯಾಂಪ್ ಸಾಲನ್ನು ಬಫರ್ ಕೊಡುವ ಸಾಲಿಗಿಂತ ಮೇಲೆ ತಂದೆ. ಎಷ್ಟು ಬೈಟ್ ಬಂತು ಅಂತ ಎಣಿಸುವ ಸಾಲೂ ಅದೇ ತಪ್ಪು ಮಾಡುತ್ತಿತ್ತು, ಅದನ್ನೂ ಮೇಲಕ್ಕೆ ತಂದೆ. ಓದುವುದರಿಂದ ಬೋರ್ಡ್ ಬೀಳುವುದಿಲ್ಲ, ಲೆಕ್ಕ ತಪ್ಪುತ್ತದೆ ಅಷ್ಟೇ, ಆದರೂ ಬಿಡಬಾರದು. ಇಂಥದ್ದೇ ತಪ್ಪುಗಳನ್ನು 2021ರ ಜನವರಿಯಲ್ಲಿ ಲಿನಕ್ಸ್‌ನ ಮುಖ್ಯ ಕೋಡ್‌ನಲ್ಲಿ ಕೆಲವು ಕ್ಯಾನ್ ಡ್ರೈವರ್‌ಗಳಿಂದ ತೆಗೆದಿದ್ದಾರೆ. ನೀವು ಹಳೆಯ ಡ್ರೈವರ್ ನೋಡಿ ಹೊಸದು ಬರೆದಿದ್ದರೆ ಈಗಲೇ ಒಮ್ಮೆ ತೆರೆದು ನೋಡಿ. ಬಫರ್ ಕೊಟ್ಟ ಸಾಲಿನ ಕೆಳಗೆ ಆ ಬಫರ್‌ನ ಹೆಸರಾಗಲೀ, ಅದರೊಳಗಿನ ಫ್ರೇಮ್‌ನ ಹೆಸರಾಗಲೀ ಮತ್ತೆ ಕಾಣಬಾರದು.

ಸ್ಲಬ್ ಡೀಬಗ್ ಆನ್ ಇಟ್ಟೇ, ಖಾಲಿ ಫ್ರೇಮ್ ಸುರಿಸುತ್ತಾ, ಓದುವ ಪ್ರೋಗ್ರಾಂ ನಿಲ್ಲಿಸಿ ಒಂದು ರಾತ್ರಿ ಬಿಟ್ಟೆವು. ಬೆಳಿಗ್ಗೆ ಆ ಹುಡುಗ ನನಗಿಂತ ಮುಂಚೆ ಬಂದು ಕನ್ಸೋಲ್ ಮುಂದೆ ಕೂತಿದ್ದ. "ಸರ್, ಎದ್ದೇ ಇದೆ" ಅಂದ.

ಬೋರ್ಡ್ ಬೀಳುವುದು ನಿಂತಿತು, ಫ್ರೇಮ್ ಕಳೆಯುವುದು ನಿಂತಿರಲಿಲ್ಲ. ಕಾರ್ಡಿಗೆ ಬರೆಯುವುದನ್ನು ಬೇರೆ ಥ್ರೆಡ್‌ಗೆ ಹಾಕಿದೆವು, ಸಾಕೆಟ್ ಬಫರ್ ದೊಡ್ಡದು ಮಾಡಿದೆವು. ಎಷ್ಟು ಫ್ರೇಮ್ ಕಳೆಯಿತು ಅಂತ ಕರ್ನಲ್ ಎಣಿಸಿ ಕೊಡುವ ಸಾಕೆಟ್ ಆಪ್ಷನ್ ಒಂದಿದೆ, ಅದನ್ನೂ ಆನ್ ಮಾಡಿ ಪ್ರತಿ ಫೈಲ್‌ನ ಕೊನೆಗೆ ಆ ಸಂಖ್ಯೆ ಬರೆಸಿದೆವು. ಈಗ ಗಾಡಿಯಿಂದ ಕಾರ್ಡ್ ಬಂದಾಗ ನಾನು ಮೊದಲು ನೋಡುವುದು ಆ ಸಾಲನ್ನೇ.