ಬೀಜ್ ಒಳಾಂಗಣವನ್ನು ಕಪ್ಪು ಮಾಡಿದ ಬಗೆ: ಡೋರ್ ಪ್ಯಾಡ್ ಮತ್ತು ಟ್ರಿಮ್ ಪೇಂಟಿಂಗ್

ನಮ್ಮ ಕಡೆಯ ಸೆಡಾನ್ ಕಾರುಗಳಲ್ಲಿ ಎಷ್ಟೋ ಬೀಜ್, ಅಂದರೆ ತಿಳಿ ಮರಳಿನ ಬಣ್ಣದ, ಒಳಾಂಗಣದವೇ. ಶೋರೂಮಿನಲ್ಲಿ ಕಣ್ಣಿಗೆ ತಂಪು. ಕೆಲವು ವರ್ಷ ಕೆಮ್ಮಣ್ಣಿನ ಧೂಳಿನಲ್ಲಿ ಓಡಿತೆಂದರೆ ಡೋರ್ ಪ್ಯಾಡಿನ (ಬಾಗಿಲ ಒಳಮೈಯ ಪ್ಲಾಸ್ಟಿಕ್ ಹೊದಿಕೆಯ) ಕೆಳಭಾಗಕ್ಕೆ ಹತ್ತಿದ ಕಲೆ ಎಷ್ಟು ಉಜ್ಜಿದರೂ ಬಿಡುವುದಿಲ್ಲ. ಇದನ್ನು ಕಪ್ಪು ಅಥವಾ ಗಾಢ ಬೂದು ಬಣ್ಣಕ್ಕೆ ತಿರುಗಿಸುವುದು ಮನೆಯಲ್ಲೇ ಆಗುವ ಕೆಲಸ. ಕಪ್ಪಿನಿಂದ ಬೀಜ್‌ಗೆ ಹೋಗುವ ಆಸೆ ಮಾತ್ರ ಬೇಡ. ತಿಳಿ ಬಣ್ಣದಿಂದ ಕಪ್ಪನ್ನು ಪೂರ್ತಿ ಮುಚ್ಚಬೇಕಾದರೆ ಐದಾರು ಕೋಟ್ ಬೇಕು, ಅಷ್ಟು ದಪ್ಪಕ್ಕೆ ಪ್ಲಾಸ್ಟಿಕ್ಕಿನ ಗ್ರೇನ್, ಅಂದರೆ ಮೇಲ್ಮೈಯ ಚರ್ಮದಂಥ ಸಣ್ಣ ಉಬ್ಬು-ತಗ್ಗು, ಹೂತುಹೋಗುತ್ತದೆ.

ಯಾವುದಕ್ಕೆ ಪೇಂಟ್ ಹೊಡೆಯಬಾರದು ಎಂಬುದನ್ನು ಮೊದಲು ತೀರ್ಮಾನಿಸಿ. ಏರ್‌ಬ್ಯಾಗ್ ಇರುವ ಸ್ಟೀರಿಂಗ್ ಮಧ್ಯದ ಪ್ಯಾಡ್, ಡ್ಯಾಶ್‌ಬೋರ್ಡಿನಲ್ಲಿ ಪಕ್ಕದ ಸೀಟಿನ ಏರ್‌ಬ್ಯಾಗ್ ಮುಚ್ಚಳ, ಎಸ್‌ಆರ್‌ಎಸ್ (ಒಳಗೆ ಏರ್‌ಬ್ಯಾಗ್ ಇದೆ ಎಂಬ ಗುರುತು) ಎಂದು ಅಚ್ಚೊತ್ತಿದ ಪಿಲ್ಲರ್ ಟ್ರಿಮ್ (ಗಾಜು-ಬಾಗಿಲುಗಳ ನಡುವಿನ ಕಂಬದ ಹೊದಿಕೆ), ಇವನ್ನು ಮುಟ್ಟುವಂತಿಲ್ಲ. ಏರ್‌ಬ್ಯಾಗ್ ಹರಿದುಕೊಂಡು ಬರುವ ಸೀಳಿನ ಮೇಲೆ ಪೇಂಟಿನ ಪದರ ಕೂತರೆ, ಅದು ಚೂರಾಗಿ ಮುಖಕ್ಕೆ ಸಿಡಿಯಬಹುದು. ಸೀಟ್ ಬೆಲ್ಟ್‌ಗೆ ಪೇಂಟೂ ಬೇಡ, ಡೈಯೂ ಬೇಡ. ಅದರಲ್ಲಿನ ಸಾಲ್ವೆಂಟ್ (ಬಣ್ಣ ಕರಗಿಸುವ ದ್ರವ) ತಾಗಿದರೆ ಪಟ್ಟಿಯ ನೂಲಿನ ಬಲ ಕುಗ್ಗಬಹುದು. ಬಟ್ಟೆ ಸೀಟಿಗೆ ಪೇಂಟ್ ಹೊಡೆದರೆ ರಟ್ಟಿನಂತೆ ಗಡುಸಾಗುತ್ತದೆ, ಅಲ್ಲಿ ಕಪ್ಪು ಕವರ್ ಹಾಕಿಸುವುದೇ ಸರಿ. ರೂಫ್ ಲೈನಿಂಗ್ ತಿಳಿ ಬಣ್ಣದಲ್ಲೇ ಇರಲಿ, ಒಳಗೆ ಬೆಳಕಾದರೂ ಉಳಿಯುತ್ತದೆ.

ಇನ್ನೊಂದು ಮಾತು. ದಿನಕ್ಕೆ ಹತ್ತು ಸಲ ಕೈ ಬೀಳುವ ಡೋರ್ ಹ್ಯಾಂಡಲ್, ಪವರ್ ವಿಂಡೋ ಸ್ವಿಚ್ಚಿನ ಸುತ್ತಿನ ಚೌಕಟ್ಟುಗಳಿಗೆ (ಬೆಝೆಲ್) ಪೇಂಟ್ ಎಷ್ಟು ಚೆನ್ನಾಗಿ ಹೊಡೆದರೂ ಉಗುರು ತಾಗುವ ಜಾಗದಲ್ಲಿ ಬೀಜ್ ಇಣುಕುತ್ತದೆ. ಎಷ್ಟೋ ಮಾಡೆಲ್‌ಗಳಲ್ಲಿ ಬೇರೆ ವೇರಿಯಂಟ್‌ಗೆ ಇದೇ ಪಾರ್ಟ್ ಕಪ್ಪಿನಲ್ಲಿ ಬರುತ್ತದೆ. ಸ್ಪೇರ್ಸ್ ಕೌಂಟರಿನಲ್ಲಿ ಪಾರ್ಟ್ ನಂಬರ್ ಹಿಡಿದು ಕೇಳಿ, ಇಲ್ಲವಾದರೆ ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆ ಹುಡುಕಿ. ಅಂಥ ಸಣ್ಣ ಪಾರ್ಟ್‌ಗಳನ್ನು ಬದಲಿಸಿ, ಡೋರ್ ಪ್ಯಾಡ್, ಏರ್‌ಬ್ಯಾಗ್ ಇಲ್ಲದ ಪಿಲ್ಲರ್ ಟ್ರಿಮ್, ಡ್ಯಾಶ್‌ಬೋರ್ಡಿನ ಕೆಳಭಾಗಕ್ಕೆ ಮಾತ್ರ ಪೇಂಟ್ ಇಟ್ಟುಕೊಳ್ಳುವುದು ನನ್ನ ಕ್ರಮ.

ಬಿಚ್ಚುವ ಮುನ್ನ ಬ್ಯಾಟರಿಯ ನೆಗೆಟಿವ್ ತೆಗೆದು ಹತ್ತು ನಿಮಿಷ ಬಿಡಿ. ಕನೆಕ್ಟರ್ ಕಳಚಿಟ್ಟು ಇಗ್ನಿಷನ್ ಆನ್ ಮಾಡಿದರೆ ಏರ್‌ಬ್ಯಾಗ್ ದೀಪ ಹೊತ್ತಿ ಹಾಗೇ ನಿಲ್ಲಬಹುದು. ಡೋರ್ ಪ್ಯಾಡಿನ ಸ್ಕ್ರೂಗಳು ಸಾಮಾನ್ಯವಾಗಿ ಹ್ಯಾಂಡಲ್ ಹಿಂದೆ ಮತ್ತು ಎಳೆಯುವ ಹಿಡಿಯ ತಳದಲ್ಲಿ, ಸಣ್ಣ ಮುಚ್ಚಳದ ಅಡಿ ಇರುತ್ತವೆ. ಅವು ಬಂದ ಮೇಲೆ ಪ್ಲಾಸ್ಟಿಕ್ ಪ್ರೈ ಟೂಲ್ ಹಾಕಿ ಕೆಳ ಅಂಚಿನಿಂದ ಒಂದೊಂದೇ ಕ್ಲಿಪ್ ಬಿಡಿಸಿ, ಕೊನೆಗೆ ಪ್ಯಾಡನ್ನು ಮೇಲಕ್ಕೆತ್ತಿ ಗಾಜಿನ ಸಂದಿನಿಂದ ಹೊರತೆಗೆಯಿರಿ. ಹಳೆಯ ಕ್ಲಿಪ್ ಮುರಿದೇ ಮುರಿಯುತ್ತದೆ, ಒಂದು ಡಜನ್ ಮೊದಲೇ ತಂದಿಟ್ಟುಕೊಳ್ಳಿ. ಒಳಗೆ ಅಂಟಿರುವ ಪ್ಲಾಸ್ಟಿಕ್ ಹಾಳೆ ಹರಿದರೆ ಮಳೆಗಾಲದಲ್ಲಿ ನೀರು ಕಾರ್ಪೆಟ್ಟಿಗೆ ಇಳಿಯುತ್ತದೆ.

ಈಗ ಪ್ಯಾಡನ್ನು ಮಗುಚಿ ಹಿಂಭಾಗ ನೋಡಿ. ಕೋನಾಕಾರದ ಎರಡು ಗುರುತಿನ ನಡುವೆ ಪಿಪಿ, ಪಿಪಿ-ಟಿಡಿ20, ಎಬಿಎಸ್ ಎಂದೆಲ್ಲ ಇಂಗ್ಲಿಷ್ ಅಕ್ಷರಗಳಲ್ಲಿ ಅಚ್ಚಾಗಿರುತ್ತದೆ. ಇಡೀ ಕೆಲಸ ನಿಂತಿರುವುದು ಈ ಗುರುತಿನ ಮೇಲೆ. ಇವು ಪ್ಲಾಸ್ಟಿಕ್ಕಿನ ಬಗೆಗಳ ಹೆಸರು. ಎಬಿಎಸ್ ಆದರೆ ಪೇಂಟ್ ನೇರವಾಗಿ ಹಿಡಿಯುತ್ತದೆ. ಪಿಪಿ, ಅಂದರೆ ಪಾಲಿಪ್ರೊಪಿಲೀನ್, ಮೇಣದ ಸ್ವಭಾವದ್ದು. ಅಡ್ಹೀಶನ್ ಪ್ರೊಮೋಟರ್ (ಪೇಂಟ್ ಹಿಡಿಯುವಂತೆ ಮೊದಲು ಹೊಡೆಯುವ ಸ್ಪ್ರೇ) ಇಲ್ಲದೆ ಹೊಡೆದ ಪೇಂಟ್ ಮೊದಲ ವಾರ ಅಚ್ಚುಕಟ್ಟಾಗಿ ಕಂಡು, ಆಮೇಲೆ ಉಗುರಿನಲ್ಲಿ ಕೆದಕಿದರೆ ಹಾಳೆಯಂತೆ ಎದ್ದುಬರುತ್ತದೆ. ನೀರಲ್ಲಿ ತೇಲಿದರೆ ಪಿಪಿ ಎಂಬ ಪರೀಕ್ಷೆಯನ್ನು ನಂಬಿ ಕೂರಬೇಡಿ. ಟಿಡಿ20 ಎಂದರೆ ನೂರಕ್ಕೆ 20 ಭಾಗ ಟಾಲ್ಕ್ ಪುಡಿ ಬೆರೆತದ್ದು, ಅದು ಪಿಪಿಯೇ ಆದರೂ ಮುಳುಗುತ್ತದೆ.

ಪೇಂಟಿನ ನಿಜವಾದ ಶತ್ರು ಡ್ಯಾಶ್‌ಬೋರ್ಡ್ ಪಾಲಿಶ್. ಅದರಲ್ಲಿನ ಸಿಲಿಕೋನ್ ಗ್ರೇನಿನ ತಗ್ಗಿನಲ್ಲಿ ಅಡಗಿರುತ್ತದೆ. ಅದರ ಮೇಲೆ ಬಿದ್ದ ಪೇಂಟ್ ಮೀನಿನ ಕಣ್ಣಿನಂತೆ ದುಂಡಗೆ ಹಿಂಜರಿದು ಗುಳಿ ಬೀಳುತ್ತದೆ. ಮೊದಲು ಡಿಶ್‌ವಾಶ್ ದ್ರವ, ಬಿಸಿನೀರು, ಬೂದು ಸ್ಕಾಚ್‌ಬ್ರೈಟ್. ಮೂಲೆಗಳಿಗೆ ಹಳೆಯ ಹಲ್ಲುಜ್ಜುವ ಬ್ರಷ್. ಸ್ಯಾಂಡ್‌ಪೇಪರ್ ಬೇಡ, ಗ್ರೇನಿನ ತಲೆ ಸವೆದು ಅಷ್ಟು ಜಾಗ ಹೊಳೆಯುತ್ತದೆ. ತೊಳೆದು ಒಣಗಿದ ಮೇಲೆ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಎರಡು ಸಲ ಒರೆಸಿ, ಪ್ರತಿ ಸಲಕ್ಕೂ ಹೊಸ ಬಟ್ಟೆ. ಎನ್‌ಸಿ (ನೈಟ್ರೋಸೆಲ್ಯುಲೋಸ್) ಪೇಂಟಿನ ಥಿನ್ನರ್ ಹತ್ತಿರಕ್ಕೂ ತರಬೇಡಿ, ಎಬಿಎಸ್ ಕರಗಿ ಸಣ್ಣ ಬಿರುಕು ಬಿಡುತ್ತದೆ. ಒರೆಸಿದ ಮೇಲೆ ಬರಿಗೈ ತಾಗಿಸಬಾರದು, ನೈಟ್ರೈಲ್ ಗ್ಲೌಸ್ ಇರಲಿ.

ಪೇಂಟಿಗೆ ವಿನೈಲ್-ಪ್ಲಾಸ್ಟಿಕ್ ಎಂದು ಬರೆದಿರುವ ಮ್ಯಾಟ್ ಅಥವಾ ಸ್ಯಾಟಿನ್ ಏರೋಸಾಲ್ ತನ್ನಿ. ಡ್ಯಾಶ್‌ಬೋರ್ಡಿಗೆ ಹೊಳೆಯುವ ಪೇಂಟ್ ಹೊಡೆದರೆ ಮಧ್ಯಾಹ್ನದ ಬಿಸಿಲಿನ ಪ್ರತಿಫಲನ ವಿಂಡ್‌ಶೀಲ್ಡ್ ಮೇಲೆ ಬೀಳುತ್ತದೆ. 400 ಮಿಲಿಯ ಒಂದು ಕ್ಯಾನ್ ಸುಮಾರು ಒಂದು ಚದರ ಮೀಟರ್ ಮುಚ್ಚುತ್ತದೆ. ನಾಲ್ಕು ಡೋರ್ ಪ್ಯಾಡಿಗೆ ಮೂರು ಕ್ಯಾನ್ ಇಟ್ಟುಕೊಳ್ಳಿ, ಅಡ್ಹೀಶನ್ ಪ್ರೊಮೋಟರ್ ಒಂದು ಕ್ಯಾನ್ ಸಾಕು. ಪ್ರೊಮೋಟರನ್ನು ತೆಳುವಾಗಿ ಒಂದು ಕೋಟ್ ಹೊಡೆದು, ಕ್ಯಾನ್ ಮೇಲೆ ಬರೆದ ಹೊತ್ತಿನೊಳಗೇ ಬಣ್ಣ ಶುರು ಮಾಡಬೇಕು. ಪೂರ್ತಿ ಒಣಗಿಹೋದರೆ ಅದರ ಹಿಡಿತ ಹೋಗುತ್ತದೆ. ಅದರ ಮೇಲೆ ಫಿಲ್ಲರ್ ಪ್ರೈಮರ್ ಹಾಕಿದರೆ ಗ್ರೇನ್ ತುಂಬಿಹೋಗುತ್ತದೆ.

ಮೊದಲ ಕೋಟ್ ಮಂಜಿನಷ್ಟೇ ಇರಲಿ, ಅಡಿಯ ಬೀಜ್ ಕಾಣುತ್ತಿರಬೇಕು. 20–25 ಸೆಂಟಿಮೀಟರ್ ದೂರ, ಪ್ಯಾಡಿನ ಅಂಚಿನ ಹೊರಗೆ ಶುರು, ಹೊರಗೇ ನಿಲುಗಡೆ, ಪ್ರತಿ ಪಟ್ಟಿಯೂ ಹಿಂದಿನದರ ಅರ್ಧದ ಮೇಲೆ. 10–15 ನಿಮಿಷ ಬಿಟ್ಟು ಎರಡನೆಯದು, ಆಮೇಲೆ ಮೂರನೆಯದು. ಅಷ್ಟರಲ್ಲಿ ಕಪ್ಪು ಮುಚ್ಚುತ್ತದೆ. ತೆರೆದ ಜಾಗ, ಆರ್ಗಾನಿಕ್ ವೇಪರ್ ಕಾರ್ಟ್ರಿಡ್ಜ್ ಇರುವ ಮಾಸ್ಕ್, ಎರಡೂ ಬೇಕು. ಬಟ್ಟೆಯ ಮಾಸ್ಕ್ ಸಾಲ್ವೆಂಟ್ ತಡೆಯುವುದಿಲ್ಲ. ನೇರ ಬಿಸಿಲಲ್ಲಿ ಹೊಡೆದರೆ ಪೇಂಟ್ ಗಾಳಿಯಲ್ಲೇ ಒಣಗಿ ಮರಳಿನಂತೆ ಕೂರುತ್ತದೆ. ಮಳೆಗಾಲದಲ್ಲಿ, ಕರಾವಳಿಯಲ್ಲಂತೂ, ಸಾಲ್ವೆಂಟ್ ಆರುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ತೇವ ಅದರ ಮೇಲೆ ಕೂತು ಬಿಳಿ ಮಬ್ಬು ಕಟ್ಟುತ್ತದೆ. ನವೆಂಬರ್‌ನಿಂದ ಫೆಬ್ರವರಿವರೆಗಿನ ಒಣಹವೆಯಲ್ಲಿ, ಇಬ್ಬನಿ ಆರಿದ ಮೇಲೆ ನೆರಳಲ್ಲಿ ಕೆಲಸ ಮಾಡುವುದು ಒಳ್ಳೆಯದು.

ಇದನ್ನೆಲ್ಲ ಮೊದಲು ಪ್ಯಾಡಿನ ಕಾಣದ ಅಂಚಿನಲ್ಲಿ ಅಂಗೈ ಅಗಲ ಹೊಡೆದು ಪರೀಕ್ಷಿಸಿ. ಒಂದು ದಿನ ಬಿಟ್ಟು ಬ್ಲೇಡಿನಲ್ಲಿ ಅಡ್ಡ-ಉದ್ದ ಗೀಟು ಹಾಕಿ, ಗಟ್ಟಿ ಟೇಪ್ ಒತ್ತಿ ರಪ್ಪನೆ ಎಳೆಯಿರಿ. ಚೌಕಗಳು ಟೇಪಿನ ಜೊತೆ ಎದ್ದುಬಂದರೆ ತಪ್ಪು ಬಣ್ಣದ್ದಲ್ಲ. ಜಿಡ್ಡು ಉಳಿದಿದೆ ಅಥವಾ ಪ್ಲಾಸ್ಟಿಕ್ ಪಿಪಿ ಆಗಿದ್ದು ಪ್ರೊಮೋಟರ್ ಹಿಡಿದಿಲ್ಲ. ತೊಳೆಯುವುದರಿಂದಲೇ ಮತ್ತೆ ಶುರು ಮಾಡಿ.

ಮರುದಿನ ಪ್ಯಾಡ್ ಜೋಡಿಸಬಹುದು, ಪೇಂಟ್ ಪೂರ್ತಿ ಗಟ್ಟಿಯಾಗಲು ವಾರ ಬೇಕು. ಅಲ್ಲಿಯವರೆಗೆ ಒದ್ದೆ ಬಟ್ಟೆಯೂ ಬೇಡ. ಕ್ಯಾನ್ ಎತ್ತಿಡುವ ಮೊದಲು ತಲೆಕೆಳಗು ಹಿಡಿದು, ಬರೀ ಗಾಳಿ ಬರುವವರೆಗೆ ಒತ್ತಿ ನಾಝಲ್ ಖಾಲಿ ಮಾಡಿ. ಬೂಟಿನ ತುದಿ ತಾಗಿ ಪ್ಯಾಡಿನ ಕೆಳ ಅಂಚು ಕೆತ್ತಿದಾಗ, ಮುಚ್ಚಳಕ್ಕೆ ಸ್ವಲ್ಪ ಪೇಂಟ್ ಹೊಡೆದುಕೊಂಡು ಸಣ್ಣ ಕುಂಚದಲ್ಲಿ ಅದ್ದಿ ಮುಟ್ಟಿಸಿದರೆ ಗೀರು ಕಾಣುವುದಿಲ್ಲ.