ಗ್ಯಾಸ್ ಅಲಾರಂ ತಂದಿರಾ? ಎಲ್ಲಿ ಹಾಕ್ತೀರಿ?

ಶಿರಸಿ ಕಡೆ ಎಷ್ಟೋ ಮನೆಗಳಲ್ಲಿ ಒಂದೇ ಅಡುಗೆಮನೆಗೆ ಎರಡು ಗ್ಯಾಸ್. ಒಂದು ಸಿಲಿಂಡರ್, ಇನ್ನೊಂದು ಕೊಟ್ಟಿಗೆ ಹಿಂದಿನ ಗೋಬರ್ ಗ್ಯಾಸ್. ಸೋರಿಕೆ ಹಿಡಿಯುವ ಅಲಾರಂ ತರುವಾಗ ಯಾವುದಕ್ಕೆ ಅಂತ ಅಂಗಡಿಯಲ್ಲೇ ಹೇಳಿಬಿಡಿ. ಎರಡಕ್ಕೂ ಒಂದೇ ಸಾಲದು.

ಮೊದಲು ಜಾಗ. ಸಿಲಿಂಡರಿನ ಗ್ಯಾಸ್ ಗಾಳಿಗಿಂತ ಒಂದೂವರೆಯಿಂದ ಎರಡು ಪಟ್ಟು ಭಾರ. ಸೋರಿದರೆ ನೆಲ ಹಿಡಿದು ಹರಿದು, ಕಟ್ಟೆ ಕೆಳಗೆ, ಮೂಲೆಯಲ್ಲಿ ನಿಲ್ಲುತ್ತದೆ. ಅದರ ಅಲಾರಂ ನೆಲದಿಂದ ಒಂದಡಿಯೊಳಗೆ ಇರಲಿ. ಗೋಬರ್ ಗ್ಯಾಸಿನಲ್ಲಿ ಉರಿಯುವ ಮೀಥೇನ್ ಹಗುರ, ಮೇಲೇರುತ್ತದೆ. ಅದರದ್ದು ಚಾವಣಿಯಿಂದ ಒಂದಡಿ ಕೆಳಗೆ. ಎರಡನ್ನೂ ಒಲೆಯಿಂದ ನಾಲ್ಕೈದು ಅಡಿ ದೂರವಿಡಿ. ಒಲೆ ನೆತ್ತಿಗೆ ಹಾಕಿದರೆ ಒಗ್ಗರಣೆಯ ಹೊಗೆಗೂ ಕೂಗುತ್ತದೆ, ಆಮೇಲೆ ಯಾರೋ ಬೇಜಾರಾಗಿ ಪ್ಲಗ್ ಕಿತ್ತಿಡುತ್ತಾರೆ. ಕಿಟಕಿ ಪಕ್ಕವೂ ಬೇಡ.

ಮುಚ್ಚಳ ತೆಗೆದರೆ ಒಳಗೆ ಬಟನ್ ಗಾತ್ರದ ಒಂದು ತುಂಡು, ಮೇಲೆ ಉಕ್ಕಿನ ಸಣ್ಣ ಜಾಳಿಗೆ. ಸಾಮಾನ್ಯವಾಗಿ ಬಳಸುವುದು ತವರದ ಆಕ್ಸೈಡಿನ ಸೆನ್ಸರ್. ಅದನ್ನು ಒಳಗಿನ ಹೀಟರ್ ಸದಾ ಕಾಯಿಸುತ್ತಿರುತ್ತದೆ. ಶುದ್ಧ ಗಾಳಿಯಲ್ಲಿ ಆಮ್ಲಜನಕ ಅದರ ಮೈಗೆ ಅಂಟಿಕೊಂಡು ಎಲೆಕ್ಟ್ರಾನುಗಳನ್ನು ಹಿಡಿದಿಡುತ್ತದೆ, ವಿದ್ಯುತ್ ಕಷ್ಟಪಟ್ಟು ಹರಿಯುತ್ತದೆ. ಗ್ಯಾಸ್ ಬಂದರೆ ಆ ಆಮ್ಲಜನಕ ಖರ್ಚಾಗಿ ದಾರಿ ಸಲೀಸು. ಆ ವ್ಯತ್ಯಾಸ ಕಂಡೇ ಬಜರ್ ಕೂಗುವುದು.

ಹೀಟರ್ ತಣ್ಣಗಾದರೆ ಸೆನ್ಸರ್ ಕುರುಡು. ನಮ್ಮ ಮಳೆಗಾಲದಲ್ಲಿ ಕರೆಂಟು ಹೋಗುವುದು ಹೊಸದಲ್ಲ ಅಲ್ವಾ, ಇನ್ವರ್ಟರ್ ಲೈನಿಗೆ ಕೊಡಿ. ಎಂಕ್ಯೂ-6 ಅನ್ನುವ ಬಿಡಿ ಸೆನ್ಸರ್ ತಂದು ತಾವೇ ಸರ್ಕ್ಯೂಟ್ ಮಾಡುವ ಹುಡುಗರು ಅದನ್ನು ಮೊದಲು 24 ಗಂಟೆಗೂ ಜಾಸ್ತಿ ಕಾಯಿಸಿಡಬೇಕು. ತೇವ ಹೆಚ್ಚಾದಾಗ ಅಳತೆಯೂ ಅಲುಗುತ್ತದೆ. ಹತ್ತಿರದಲ್ಲಿ ಸಿಲಿಕೋನ್ ಸೀಲಂಟ್ ಬಳಸಬೇಡಿ, ಅದರ ಆವಿ ಸೆನ್ಸರನ್ನೇ ಕೆಡಿಸುತ್ತದೆ.

ಟೆಸ್ಟ್ ಬಟನ್ ಒತ್ತಿ ಸಮಾಧಾನಪಟ್ಟರೆ ಸಾಲದು. ಎಷ್ಟೋ ಯಂತ್ರಗಳಲ್ಲಿ ಅದು ಬಜರ್ ಮಾತ್ರ ನೋಡುತ್ತದೆ. ಕೈಪಿಡಿಯಲ್ಲಿ ಹೇಳಿದ್ದರೆ, ಒಲೆ ಆರಿಸಿ, ಲೈಟರಿನ ಗ್ಯಾಸನ್ನು ಹೊತ್ತಿಸದೆ ಒಂದು ಕ್ಷಣ ಜಾಳಿಗೆಗೆ ಬಿಟ್ಟು ನೋಡಿ.

ನಿಜವಾಗಿ ಕೂಗಿದರೆ? ಸ್ವಿಚ್ ಮುಟ್ಟಬೇಡಿ, ಆರಿಸಲಿಕ್ಕೂ. ಗಾಳಿಯಲ್ಲಿ ಶೇ. 2ರಷ್ಟು ಸಿಲಿಂಡರ್ ಗ್ಯಾಸ್ ಸೇರಿದ್ದರೆ ಒಂದು ಕಿಡಿ ಸಾಕು. ರೆಗ್ಯುಲೇಟರ್ ಬಂದ್ ಮಾಡಿ, ಬಾಗಿಲು ತೆರೆದು ಹೊರಗೆ ಬಂದ ಮೇಲೆ ಸಿಲಿಂಡರ್ ಗ್ಯಾಸ್ ಸೋರಿಕೆಯ ತುರ್ತು ಸಹಾಯವಾಣಿ 1906ಕ್ಕೆ ಫೋನ್ ಮಾಡಿ.

ಕಾರವಾರದ ಬೈತಕೋಲದಲ್ಲಿ ದೋಣಿ ಇಟ್ಟವರಿಗೆ ಒಂದು ಮಾತು. ಮನೆಯ ಅಲಾರಂ ನಂಬಿ ಮೀನು ತುಂಬುವ ಸ್ಟೋರಿಗೆ ಇಳಿಯಬೇಡಿ. ಮೀನು ಕೊಳೆತಾಗ ಬರುವ ಹೈಡ್ರೋಜನ್ ಸಲ್ಫೈಡ್ ಮೊದಲು ಕೊಳೆತ ಮೊಟ್ಟೆಯಂತೆ ನಾರುತ್ತದೆ, 100 ಪಿಪಿಎಂ (ಗಾಳಿಯ ಹತ್ತು ಲಕ್ಷ ಪಾಲಿಗೆ ನೂರು ಪಾಲು) ಹತ್ತಿರ ಬಂದರೆ ಮೂಗೇ ಸತ್ತುಹೋಗಿ ವಾಸನೆ ನಿಂತಂತೆ ಅನಿಸುತ್ತದೆ. ಅಲ್ಲಿಗೆ ಬೇಕಾದದ್ದು ಆಮ್ಲಜನಕವನ್ನೂ ಸೇರಿಸಿ ನಾಲ್ಕು ಅನಿಲ ಅಳೆಯುವ ಕೈಮೀಟರ್. ಹಗ್ಗಕ್ಕೆ ಕಟ್ಟಿ ತಳದವರೆಗೆ ಇಳಿಬಿಡಿ. ಅದು ಕೂಗಿದರೆ, ಇಲ್ಲವೇ ಆಮ್ಲಜನಕ ಶೇ. 19.5ಕ್ಕಿಂತ ಕಡಿಮೆ ತೋರಿಸಿದರೆ ಯಾರೂ ಇಳಿಯಬಾರದು, ಒಳಗೆ ಬಿದ್ದವರನ್ನು ಎತ್ತಲಿಕ್ಕೂ ಹಾಗೇ ಹಾರಬಾರದು. ಉಸಿರಾಟದ ಸಿಲಿಂಡರ್ ಇರುವ ಅಗ್ನಿಶಾಮಕದವರನ್ನು ಕರೆಯಿರಿ.